ಸೀಲಾದ ಮೇಲೆ ಬಿದ್ದ ಹಾಜರಿ

ದೀಪ ಆರಿಸಬೇಡಿ, ಉರಿಯಲಿ. ಇದು ಹೆದರಿಸಲು ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಅವನು ಈಗಲೂ ಬದುಕಿದ್ದಾನೆ. ಕೇಳಿದರೆ ಬಾಯಿ ಬಿಡುವುದಿಲ್ಲ, ಅಷ್ಟೇ.

ಅವನನ್ನು ಎಲ್ಲರೂ ಬೀಗದಣ್ಣ ಎಂದು ಕರೆಯುತ್ತಿದ್ದರು. ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಕೋಣೆಯ ಬೀಗದ ಕೈ ಸದಾ ಅವನ ಸೊಂಟದಲ್ಲಿ ಇರುತ್ತಿತ್ತು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ಬಿಚ್ಚಿ ಕಲಿತವನು. ಕೆಲಸದಲ್ಲಿ ನಿಗಾ ಜಾಸ್ತಿ, ಸ್ವಭಾವದಲ್ಲಿ ಅಂಜುಬುರುಕ. ಸ್ಟೋರೇಜು ನಡೆಸುವ ಸಾಹೇಬನೆದುರು ಅವನಿಗೆ ಬೆನ್ನುಮೂಳೆ ಇರುತ್ತಿರಲಿಲ್ಲ.

ಆ ರಾತ್ರಿ ಹನ್ನೊಂದು ದಾಟಿತ್ತು. ಬೀಗದಣ್ಣ ಮನೆಗೆ ಹೊರಟಿದ್ದ. ಮೂರು ಗಂಟೆಗೆ ಒಂದು ಮುಖ್ಯ ಕೆಲಸ ಇತ್ತು, ಅಷ್ಟರೊಳಗೆ ಎರಡು ತುತ್ತು ತಿಂದು ಬೆನ್ನು ಚಾಚಿ ಬರೋಣ ಎಂದು. ಸ್ಟೋರೇಜಿನ ಹಿಂದಿನ ಗೋಡೆ ಬಳಸಿ ಬಂದರೆ ಒಂದು ಹಾಳು ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದ್ದರು. ಅಲ್ಲಿ ದಾಟುವಾಗ ಅವನು ಯಾವಾಗಲೂ ಹೆಜ್ಜೆ ಬಿರುಸು ಮಾಡುತ್ತಿದ್ದ. ಆವತ್ತು ಹೆಜ್ಜೆ ನಿಂತಿತು.

ಟಣ್... ಟಣ್... ಟಣ್...

ಯಾರೋ ಬಾವಿಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಕಾಲು ಆಡಿದಾಗೆಲ್ಲ ಕೈಬಳೆ ಜಾಲರಿಗೆ ತಾಗುತ್ತಿತ್ತು.

“ಯಾರದು?” ಎಂದ ಅವನು.

“ನಾನು ಅಣ್ಣ...” ಪಿಸುದನಿ. “ಏಣಿ ಹೆಂಡ್ತಿ.”

ಏಣಿ ಅಂದರೆ ಸ್ಟೋರೇಜಿನಲ್ಲಿ ತಳ್ಳುಗಾಡಿ ತಳ್ಳುವ ಗುತ್ತಿಗೆ ಆಳು. ಆರಡಿ ಮೇಲೆ ನಾಲ್ಕು ಬೆರಳು. ಎತ್ತರದ ಬಲ್ಬು ಬದಲಿಸಬೇಕಾದರೂ ಅವನನ್ನೇ ಕೂಗುತ್ತಿದ್ದರು. ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದರು, ಅವನೂ ನಗುತ್ತಿದ್ದ. ಬಾಗಿಲು ದಾಟುವಾಗ ಮಾತ್ರ ತಲೆ ತಗ್ಗಿಸುತ್ತಿದ್ದ.

“ಇಷ್ಟು ಹೊತ್ತಲ್ಲಿ ಇಲ್ಲಿ ಯಾಕಮ್ಮ ಕೂತಿದೀಯ?”

“ಗೇಟಿನ ಹತ್ರ ಕೂರಬೇಡ ಅಂತ ಓಡಿಸಿದ್ರು. ಇಲ್ಲಿಂದ ನಾಲ್ಕನೇ ರೂಮಿನ ಗೋಡೆ ಕಾಣುತ್ತೆ ಅಣ್ಣ.”

ಮೂರು ದಿನದ ಹಿಂದೆ, ಅದೇ ನಾಲ್ಕನೇ ರೂಮಿನಲ್ಲಿ ಅಮೋನಿಯ ಪೈಪು ಒಡೆದಿತ್ತು. ಮಾಡಿನವರೆಗೆ ಪೇರಿಸಿದ್ದ ಕಬ್ಬಿಣದ ರ‍್ಯಾಕುಗಳು ಒಂದರ ಮೇಲೊಂದು ಬಿದ್ದು ಬಾಗಿಲು ಜಜ್ಜಿಹೋಯಿತು. ಹನ್ನೊಂದು ಜನ ಕಣ್ಣು ಮೂಗು ಸುರಿಸಿಕೊಂಡು ಹೊರಗೆ ಬಂದರು. ಒಳಗೆ ಹೋದವರು ಹನ್ನೊಂದು, ಬಂದವರು ಹನ್ನೊಂದು, ಅಂದಿತು ಕಂಪನಿ. ಏಣಿ ಮನೆಗೆ ಬರಲಿಲ್ಲ. ಕೇಳಲು ಹೋದ ಹೆಂಡತಿಗೆ ಸಾಹೇಬ ಕೊಟ್ಟ ಉತ್ತರ, “ಅವನು ಆವತ್ತು ಕೆಲಸಕ್ಕೇ ಬಂದಿಲ್ಲ. ಎಲ್ಲಿ ಬಿದ್ದಿದಾನೋ, ಯಾರ ಜೊತೆ ಇದಾನೋ, ನೀನೇ ಹುಡುಕ್ಕೋ.”

ಗಂಡ ಸತ್ತು ಮೂರು ದಿನ ಆಗಿರುವ ಹೆಂಗಸಿಗೆ ಹೀಗೆ ಹೇಳುವ ನಾಲಗೆಯೂ ಊಟ ಮಾಡುತ್ತದೆ, ನಿದ್ದೆ ಮಾಡುತ್ತದೆ. ಇರಲಿ.

ಬದುಕಿರುವ ಮಾತೇ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಮೈ ಸಿಕ್ಕರೆ ಸಾಕು ಎಂದಿದ್ದಳು. ಗೋಡೆ ಒಡೆದರೆ ಮೈ ಸಿಗುತ್ತದೆ.

“ತನಿಖೆಯವರು ಹೇಳಿದ್ರು ಅಣ್ಣ. ಅವರು ಒಳಗೆ ಹೋಗಿದ್ದು ಮೆಷಿನಲ್ಲಿ ಬರೆದಿದ್ರೆ, ಹೊರಗೆ ಬಂದಿದ್ದು ಬರೆದಿಲ್ದೇ ಇದ್ರೆ, ಗೋಡೆ ಒಡೀಲೇಬೇಕಂತೆ.” ಅವಳು ಕಟ್ಟೆಯಿಂದ ಇಳಿದಳು. “ನಿಮ್ಮ ಕೋಣೇಲಲ್ವಾ ಅದೆಲ್ಲ ಇರೋದು... ಬರೆದಿದ್ಯಾ ಅಣ್ಣ?”

ಬೀಗದಣ್ಣ ಸೊಂಟದ ಬೀಗದ ಕೈ ಮುಟ್ಟಿಕೊಂಡ.

ಬರೆದಿತ್ತು. ಅವನೇ ನೋಡಿದ್ದ.

ಸ್ಟೋರೇಜಿನ ಮೂರೂ ಗೇಟುಗಳಲ್ಲಿ ಕಾರ್ಡ್ ಮೆಷಿನ್ ಇತ್ತು. ಒಳಗೆ ಹೋಗುವಾಗ ಒತ್ತಬೇಕು, ಹೊರಗೆ ಬರುವಾಗ ಒತ್ತಬೇಕು. ಕಾಯಂ ಕೆಲಸಗಾರರ ಹಾಜರಿ ಒಂದು ಫೈಲಿಗೆ ಹೋಗುತ್ತಿತ್ತು. ಮೂರನೇ ಗೇಟಿನಿಂದ ಬರುವ ಗುತ್ತಿಗೆಯವರದ್ದು ಬೇರೆ ಫೈಲಿಗೆ. ಆ ಫೈಲಿಗೆ ಇಟ್ಟ ಹೆಸರು ‘ಹೊರಗಿನವರು’. ಹತ್ತು ವರ್ಷ ಒಳಗೇ ಹೆಣಗಿದರೂ ಹೊರಗಿನವರು! ಅವರಿಗೊಂದು ಕಟ್ಟಪ್ಪಣೆಯೂ ಇತ್ತು. ಹಸಿರು ದೀಪ ಹತ್ತುವ ತನಕ ಕಾರ್ಡ್ ಒತ್ತುತ್ತಲೇ ಇರಬೇಕು. ಹಸಿರು ಬರದಿದ್ದರೆ ಬಂದೇ ಇಲ್ಲ ಎಂದು ಲೆಕ್ಕ. ಮೆಷಿನು ಮುದಿಯಾಗಿತ್ತು. ಪಾಪ, ಚಳಿಗೆ ಮರಗಟ್ಟಿದ ಕೈಯಲ್ಲಿ ಒಬ್ಬೊಬ್ಬರು ಹತ್ತು ಸಲ, ಹದಿನೈದು ಸಲ ಒತ್ತುತ್ತ ನಿಲ್ಲುತ್ತಿದ್ದರು.

ಪೈಪು ಒಡೆದ ಮರುದಿನ ಸಾಹೇಬ ಬೀಗದಣ್ಣನ ಹೆಗಲ ಮೇಲೆ ಕೈ ಇಟ್ಟು ಹೇಳಿದ್ದ. “ಆ ಹೊರಗಿನವರ ಫೈಲು ಬೇಡ ಕಣಯ್ಯ. ತೆಗೆದುಬಿಡು.” ತೆಗೆಯುವ ಮುಂಚೆ ಬೀಗದಣ್ಣ ಒಂದು ಸಲ ತೆರೆದು ನೋಡಿದ. ಕಾರ್ಡ್ ನಲವತ್ತೇಳು. ಮೂರನೇ ಗೇಟು. ಒಳಗೆ. ಒಂದು ಗಂಟೆ ಹನ್ನೆರಡು ನಿಮಿಷ. ಅದರ ಕೆಳಗೆ ‘ಹೊರಗೆ’ ಎಂಬ ಸಾಲು ಇರಲಿಲ್ಲ.

ನೋಡಿಯೂ ಅಳಿಸಿದ. ಒಬ್ಬ ಮನುಷ್ಯನನ್ನು ಇಲ್ಲ ಎನಿಸಲು ಒಂದು ಬೆರಳು ಸಾಕಾಯಿತು.

“ನೋಡ್ತೀನಮ್ಮ,” ಎಂದ ಈಗ, ಅವಳ ಮುಖ ನೋಡದೆ. “ನಾಳೆ ಹತ್ತಕ್ಕೆ ತನಿಖೆ ಅಧಿಕಾರಿ ಬರ್ತಾರೆ. ನೀನೂ ಬಾ.”

“ಅಣ್ಣ...” ಅವಳ ದನಿ ಇನ್ನೂ ಇಳಿಯಿತು. “ಗೋಡೆ ಒಳಗೆ ಗಾಡಿ ಸದ್ದು ಬರ್ತಿದೆ. ಒಂದು ಚಕ್ರ ಕಿರುಗುಟ್ಟೋದು... ಕಿರ್ರ್ರ್... ಕಟ್. ಕಿರ್ರ್ರ್... ಕಟ್. ನಿಮಗೆ ಕೇಳಿಸ್ತಿದ್ಯಾ?”

ಅವನು ಉಸಿರು ಹಿಡಿದು ಕೇಳಿದ. ಕಂಪ್ರೆಸರ್ ನಿಂತು ಮೂರು ದಿನ. ಸ್ಟೋರೇಜು ಕಲ್ಲಿನ ಹಾಗೆ ತೆಪ್ಪಗಿತ್ತು.

“ಇಲ್ಲಮ್ಮ. ಕೇಳಿಸ್ತಿಲ್ಲ.”

ಅದು ನಿಜ. ಕೇಳಿಸಲಿಲ್ಲ. ಆದರೂ ಅವನು ಮನೆಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿದ.

ಅವನಿಗೆ ಒಂದು ವಿಷಯ ನೆನಪಿಗೆ ಬಂದಿತ್ತು. ಸ್ವಲ್ಪ ಗಮನ ಇಟ್ಟು ಕೇಳಿ, ಇದು ಗೊತ್ತಾದರೆ ಮುಂದಿನದೆಲ್ಲ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಫೈಲು ಅಳಿಸಿದಾಗ ಮೊದಲು ಹೋಗುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಮು ಆ ಫೈಲನ್ನು ತೆರೆದು ಹಿಡಿದುಕೊಂಡಿದ್ದರೆ, ಆ ಹಿಡಿತ ಬಿಡುವವರೆಗೆ ಒಳಗಿನ ಬರಹ ಡಿಸ್ಕಿನಲ್ಲೇ ಉಳಿದಿರುತ್ತದೆ. ಹೆಸರಿಲ್ಲ, ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಇರುತ್ತದೆ. ಹಿಡಿತ ಬಿಟ್ಟ ಕ್ಷಣ ಸಾಯುತ್ತದೆ.

ಮೂರನೇ ಗೇಟಿನ ಪ್ರೋಗ್ರಾಮನ್ನು ಯಾರೂ ನಿಲ್ಲಿಸಿರಲಿಲ್ಲ.

ಓಡಿದ. ನಾಲ್ಕು ನಿಮಿಷ ಸಾಕಿತ್ತು ಅವನಿಗೆ. ಆ ಹೆಸರಿಲ್ಲದ ಫೈಲನ್ನು ಎಳೆದು, ಹೊಸ ಹೆಸರಿಟ್ಟು, ಅದೇ ಡಿಸ್ಕಿನಲ್ಲಿ ಇಟ್ಟುಬಿಟ್ಟರೆ ಮುಗಿಯಿತು.

ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಕುರ್ಚಿ ಎಳೆದುಕೊಂಡು ಸಾಹೇಬ ಕೂತಿದ್ದ, ಕೈಯಲ್ಲಿ ಕೋಣೆಯ ಇನ್ನೊಂದು ಬೀಗದ ಕೈ.

“ಏನಯ್ಯ ಬೀಗ, ಹೋದ ಕಾಲಲ್ಲೇ ಬಂದೆ? ಹೆಂಡ್ತಿ ಬಾಗಿಲು ತೆಗೀಲಿಲ್ವಾ?”

“ಕೆಲಸ ಇತ್ತಲ್ಲ ಸಾರ್...”

“ಮೂರಕ್ಕೆ ತಾನೇ? ನಾನೂ ಇರ್ತೀನಿ. ಈ ರಾತ್ರಿ ನಿನ್ನೊಬ್ಬನ್ನೇ ಬಿಡೋಕೆ ಮನಸ್ಸಾಗ್ಲಿಲ್ಲ.”

ಅಲ್ಲಾಡಲಿಲ್ಲ. ಮೂರೂವರೆ ಗಂಟೆ ಬೀಗದಣ್ಣನ ಬೆನ್ನ ಹಿಂದೆ ಕೂತಿದ್ದ. ಆಕಳಿಸುವುದು, ಬೆರಳ ನೆಟಿಗೆ ತೆಗೆಯುವುದು. ಟಕ್. ಟಕ್. ಬೀಗದಣ್ಣ ಪರದೆಯ ಮೇಲೆ ಏನು ಮುಟ್ಟಿದರೂ “ಅದೇನು?” ಎಂದು ಕೇಳುವುದು. ಒಂದು ಸಲ ಮಾತ್ರ ಅವನು ನೀರು ಕುಡಿಯಲು ತಲೆ ಎತ್ತಿದಾಗ ಬೀಗದಣ್ಣ ಇಣುಕಿ ನೋಡಿದ. ಇತ್ತು. ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ‘ಅಳಿಸಲಾಗಿದೆ’ ಎಂದಿತ್ತು. ಮೂರನೇ ಗೇಟಿನ ಪ್ರೋಗ್ರಾಮು ಅದನ್ನು ಓದಲು ಹಿಡಿದುಕೊಂಡೇ ಇತ್ತು.

ಮೂರು ಗಂಟೆಯ ಕೆಲಸ ಏನೆಂದರೆ, ಡಿಸ್ಕನ್ನು ರೀಡ್-ಓನ್ಲಿ ಮಾಡುವುದು. ಅಂದರೆ ಓದಬಹುದು, ಬರೆಯುವಂತಿಲ್ಲ. ತನಿಖೆಯವರ ಕಾಗದದಲ್ಲಿ ಹಾಗೇ ಇತ್ತು. ಹಾಜರಿ ಡಿಸ್ಕನ್ನು ಯಾರೂ ಕಾರ್ಡ್ ಒತ್ತದ ಹೊತ್ತಿನಲ್ಲಿ ಹಾಗೆ ಸೀಲು ಮಾಡಬೇಕು, ಸೀಲಾದ ಗಳಿಗೆಯಲ್ಲಿ ಒಳಗೆ ಏನಿದೆಯೋ ಅಷ್ಟೇ ಸಾಕ್ಷಿ. ಅದು ಅಂಗಡಿಯ ಶಟರು ಎಳೆದ ಹಾಗೆ. ಮೊದಲು ಒಳಗೆ ಇಣುಕಿ ಯಾರಾದರೂ ಬರೆಯುತ್ತಿದ್ದಾರಾ ಎಂದು ಎಣಿಸಬೇಕು. ಸೊನ್ನೆ ಬಂದರೆ ಶಟರು ಎಳೆಯಬೇಕು. ಎಣಿಸುವುದಕ್ಕೂ ಎಳೆಯುವುದಕ್ಕೂ ನಡುವೆ ರೆಪ್ಪೆ ಬಡಿಯುವಷ್ಟು ಸಂದು ಇರುತ್ತದೆ. ಆ ಸಂದಿನಲ್ಲಿ ಯಾರಾದರೂ ನುಸುಳಿದರೆ, ಅವನು ಒಳಗಿನವನೇ. ಶಟರು ಹೊರಗಿನಿಂದ ಬರುವವರನ್ನು ತಡೆಯುತ್ತದೆ, ಒಳಗೆ ಸಿಕ್ಕವನ ಕೈಯಿಂದ ಪೆನ್ನು ಕಿತ್ತುಕೊಳ್ಳುವುದಿಲ್ಲ.

ಎಣಿಸುವುದನ್ನೂ ಎಳೆಯುವುದನ್ನೂ ಒಂದೇ ಏಟಿಗೆ ಮಾಡುವ ಯಂತ್ರಗಳು ಬಂದಿವೆ. ಹೆಸರಿಲ್ಲದ ಫೈಲು ಒಳಗಿದ್ದರೆ ಮುಚ್ಚಲ್ಲ ಎಂದು ಹಟ ಹಿಡಿಯುವುವೂ ಇವೆ. ಸ್ಟೋರೇಜಿನದು ಹಳೇ ಡಬ್ಬ. ಬೀಗದಣ್ಣನಿಗೋ ಕಣ್ಣಾರೆ ಸೊನ್ನೆ ನೋಡದೆ ಸಮಾಧಾನ ಇಲ್ಲ. ಮೊದಲು ಎಣಿಸುತ್ತಿದ್ದ, ನೋಡುತ್ತಿದ್ದ, ಆಮೇಲೆ ಕೈಯಾರೆ ಮುಚ್ಚುತ್ತಿದ್ದ. ಹಲವು ವರ್ಷದಿಂದ ಹಾಗೇ. ಅದನ್ನೇ ಜಾಗ್ರತೆ ಅಂದುಕೊಂಡಿದ್ದ.

ಕೂತಲ್ಲೇ ಅವನೊಂದು ಉಪಾಯ ಹೂಡಿದ. ಬೇರೆ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸುವುದು. ಮೂರನೇ ಗೇಟಿನದನ್ನು ಮಾತ್ರ ಬಿಡುವುದು. ಅದು ಓದುತ್ತಿದೆ ಅಷ್ಟೇ, ಬರೆಯುತ್ತಿಲ್ಲ, ಎಣಿಕೆಯಲ್ಲಿ ಸಿಗುವುದಿಲ್ಲ. ಆಗ ಹೆಸರಿಲ್ಲದ ಫೈಲು ಸೀಲಾದ ಡಿಸ್ಕಿನೊಳಗೇ ಉಳಿಯುತ್ತದೆ. ಬೆಳಿಗ್ಗೆ ಅಧಿಕಾರಿಯ ಮುಂದೆ, ಸಾಹೇಬನ ಕಣ್ಣೆದುರೇ, ತೆಗೆದು ತೋರಿಸುವುದು. ಹುಟ್ಟಿದಾಗಿನಿಂದ ಅವನು ಮಾಡಿದ ಒಂದೇ ಒಂದು ಧೈರ್ಯದ ಯೋಚನೆ ಅದು.

“ಎಲ್ಲಾ ನಿಲ್ಸಿದ್ಯಾ?” ಸಾಹೇಬ ಕೇಳಿದ.

“ಬರೆಯೋದೆಲ್ಲ ನಿಂತಿದೆ ಸಾರ್.”

ಎಣಿಸಿದ. ಸೊನ್ನೆ. ಗಡಿಯಾರ ಮೂರು ಗಂಟೆ ಮೂರು ನಿಮಿಷ ತೋರಿಸುತ್ತಿತ್ತು. ಬೆರಳು ಕೀಲಿಮಣೆಯ ಮೇಲೆ ಇಳಿಯುತ್ತಿತ್ತು...

ಟಿಂ.

ಸರ್ವರಿನ ಪುಟ್ಟ ಬಜರು. ಯಾವುದಾದರೂ ಗೇಟಿನಲ್ಲಿ ಕಾರ್ಡ್ ಒತ್ತಿದರೆ ಅದು ಹಾಗೆ ಸದ್ದು ಮಾಡುತ್ತದೆ.

ಬೆರಳು ಕೀಲಿ ಮುಟ್ಟಿಯಾಗಿತ್ತು. ಡಿಸ್ಕ್ ಸೀಲಾಯಿತು.

“ಏನೋ ಅದು ಸದ್ದು?”

“ಏನಿಲ್ಲ ಸಾರ್. ಸೀಲಾದ್ರೆ ಹಾಗೇ ಬರುತ್ತೆ.” ಬೀಗದಣ್ಣ ಮೊದಲ ಸಲ ಸಾಹೇಬನಿಗೆ ಸುಳ್ಳು ಹೇಳಿದ.

ಸಾಹೇಬ ಸೀಲಿನ ಹೊತ್ತು ಬರೆದ ಕಾಗದಕ್ಕೆ ಸಹಿ ಹಾಕಿ, “ನೀನು ಮನುಷ್ಯ ಕಣಯ್ಯ,” ಎಂದು ಬೆನ್ನು ತಟ್ಟಿ ಹೋದ. ಅವನು ಹೊರಗೆ ಕಾಲಿಟ್ಟ ಮೇಲೆ ಇನ್ನೊಂದು ಟಿಂ. ಅವನ ಕಾರು ಹೊರಟ ಸದ್ದು ಕೇಳುವವರೆಗೆ ಬೀಗದಣ್ಣ ಕೂತಲ್ಲೇ ಕೂತಿದ್ದ. ಆಮೇಲೆ ಮತ್ತೆ ಎಣಿಸಿದ.

ಒಂದು.

ಬರೆಯುತ್ತಿರುವ ಕೈ... ಒಂದು.

ಕಣ್ಣುಜ್ಜಿ ನೋಡಿದ. ಒಂದೇ. ಸೀಲಾದ ಡಿಸ್ಕಿನ ಮೇಲೆ, ಹೆಸರಿಲ್ಲದ ಫೈಲಿಗೆ, ಯಾವುದೋ ಒಂದು ಕೈ ಬರೆಯುತ್ತಿತ್ತು. ತೆರೆದು ಓದಿದ. ಒಂದು ಹನ್ನೆರಡರ ಹಳೆಯ ಸಾಲು ಹಾಗೇ ಇತ್ತು. ಅದರ ಕೆಳಗೆ...

ಕಾರ್ಡ್ ನಲವತ್ತೇಳು. ಮೂರನೇ ಗೇಟು. ಒಳಗೆ. ಮೂರು ಮೂರು.

ಕಾರ್ಡ್ ನಲವತ್ತೇಳು. ಮೂರನೇ ಗೇಟು. ಒಳಗೆ. ಮೂರು ನಾಲ್ಕು.

ಟಿಂ.

ಮೂರು ಐದು.

ಟಾರ್ಚು ಹಿಡಿದು ಮೂರನೇ ಗೇಟಿಗೆ ಓಡಿದ. ಪೈಪು ಒಡೆದ ದಿನವೇ ಆ ಗೇಟಿಗೆ ಸರಪಳಿ ಬಿಗಿದಿದ್ದರು. ಕಾರ್ಡ್ ಮೆಷಿನಿನ ವೈರು ಕತ್ತರಿಸಿ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಮೆಷಿನಿನಲ್ಲಿ ದೀಪ ಇರಲಿಲ್ಲ. ಬೆರಳಿಟ್ಟು ಮುಟ್ಟಿದ. ಸತ್ತ ಮೆಷಿನು.

ನಾಲ್ಕನೇ ರೂಮಿನ ಗೋಡೆ ಅಲ್ಲೇ, ಹತ್ತು ಹೆಜ್ಜೆ. ಹೋಗಿ ಕಿವಿ ಇಟ್ಟ. ಗೋಡೆ ತಣ್ಣಗಿತ್ತು.

ಕಿರ್ರ್ರ್... ಕಟ್.

ಕಿರ್ರ್ರ್... ಕಟ್.

ಗಾಡಿ ನಿಂತಿತು. ಆಮೇಲೆ ಪ್ಲಾಸ್ಟಿಕ್ ತಗಡಿಗೆ ತಾಗುವ ಸದ್ದು. ಚಟ್. ತುಸು ಬಿಟ್ಟು, ಚಟ್. ಮತ್ತೆ, ಚಟ್. ಕೈ ಮರಗಟ್ಟಿದವರು ಕಾರ್ಡ್ ಒತ್ತುವುದು ಹಾಗೇ.

ಗೋಡೆಯ ಆಚೆಯಿಂದ, ಕಿವಿಯ ಮಟ್ಟಕ್ಕಿಂತ ತುಂಬಾ ಮೇಲಿನಿಂದ, ಒಂದು ಉಸಿರು.

“ಅಣ್ಣಾ...”

ಬೀಗದಣ್ಣ ಟಾರ್ಚು ಮೇಲಕ್ಕೆತ್ತಿದ. ಬರೀ ಗೋಡೆ.

“ಬರ್ಕೊಂಡ್ರಾ...?”

ಓಡಬೇಕಿತ್ತು. ನಾನಾಗಿದ್ದರೆ ಓಡುತ್ತಿದ್ದೆ. ಅವನು ಓಡಲಿಲ್ಲ. ಗೋಡೆಗೆ ಬಾಯಿ ಹಚ್ಚಿ ಹೇಳಿದ, “ಬರ್ಕೊಂಡಿದೀನಪ್ಪ. ಬಿದ್ದಿದೆ. ಇನ್ನು ಒತ್ತಬೇಡ.”

“ಹಸಿರು ಬರ್ಲಿಲ್ಲ ಅಣ್ಣಾ...”

ಚಟ್.

“ಬರಲ್ಲ ಕಣೋ. ಡಿಸ್ಕ್ ಸೀಲಾಗಿದೆ, ಎಷ್ಟು ಒತ್ತಿದ್ರೂ ಬರಲ್ಲ. ಸೀಲಾದ ಮೇಲಿನ ಸಾಲು ಇದ್ರೆ ಎಲ್ಲಾನೂ ಸುಳ್ಳು ಅಂತಾರೆ. ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಸು.”

“ಹಸಿರು ಬರ್ದಿದ್ರೆ... ಬಂದಿಲ್ಲ ಅಂತಾರೆ ಅಣ್ಣಾ...”

ಚಟ್. ಚಟ್. ಚಟ್.

ಏನು ಹೇಳುತ್ತೀರಿ ಅವನಿಗೆ? ಹತ್ತು ವರ್ಷ ಹಸಿರು ದೀಪಕ್ಕೆ ಹೆದರಿ ಬದುಕಿದವನು. ಸತ್ತ ಮೇಲೆ ಒಂದು ರಾತ್ರಿಗೆ ಆ ಹೆದರಿಕೆ ಬಿಡುತ್ತದೆಯೇ?

ಬೀಗದಣ್ಣ ಕೋಣೆಗೆ ಬಂದು ತಲೆ ಹಿಡಿದು ಕೂತ. ಬಜರು ಬಡಿಯುತ್ತಲೇ ಇತ್ತು. ಮೂರನೇ ಗೇಟಿನ ಪ್ರೋಗ್ರಾಮು ನಿಲ್ಲಿಸಿದರೆ ಆ ಕೈಯೂ ನಿಲ್ಲಬಹುದು. ಆದರೆ ನಿಲ್ಲಿಸಿದ ಕ್ಷಣ ಹಿಡಿತ ಬಿಡುತ್ತದೆ, ಹೆಸರಿಲ್ಲದ ಫೈಲು ಸಾಯುತ್ತದೆ, ಒಂದು ಹನ್ನೆರಡರ ಆ ಸಾಲೂ ಹೋಗುತ್ತದೆ. ನಿಲ್ಲಿಸಿದರೆ ಸಾಕ್ಷಿ ಇಲ್ಲ. ಬಿಟ್ಟರೆ ಸಾಕ್ಷಿ ಕೆಡುತ್ತದೆ. ಅವನು ಬಿಟ್ಟ. ಬೆಳಗಾಗುವವರೆಗೆ ಪ್ರತಿ ಟಿಂ ಸದ್ದಿಗೂ ಬೆಚ್ಚುತ್ತ ಕೂತ.

ಒಂಬತ್ತು ಐವತ್ತರ ಮೇಲೆ ಬಜರು ತುಸು ಬಿಡುವು ಕೊಟ್ಟಿತು. ಹತ್ತಕ್ಕೆ ಅಧಿಕಾರಿ ಬಂದ. ಕೆಟ್ಟವನಲ್ಲ. ಮೃದು ಮಾತು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಗದದ ಕಟ್ಟು. ಇಂಥವರ ಕೈಯಲ್ಲೇ ಬಡವರು ಹೆಚ್ಚು ಸಾಯುವುದು. ಸಾಹೇಬನೂ ಬಂದ. ಏಣಿಯ ಹೆಂಡತಿ ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ.

ಬೀಗದಣ್ಣ ತೆರೆದು ತೋರಿಸಿದ. ಫೈಲು ಅಳಿಸಿದ್ದು, ಅಳಿಸಲು ಹೇಳಿದ್ದು ಯಾರು ಎನ್ನುವುದು, ಹೆಸರಿಲ್ಲದೆ ಉಳಿದದ್ದು, ಎಲ್ಲಾ ಒಂದೇ ಉಸಿರಿಗೆ ಹೇಳಿದ. ಸಾಹೇಬನ ಮುಖ ಕಪ್ಪಿಟ್ಟಿತು. ಒಂದು ನಿಮಿಷ, ಬರೀ ಒಂದು ನಿಮಿಷ, ಗೋಡೆ ಒಡೆಯುತ್ತಾರೆ ಅಂತಲೇ ಬೀಗದಣ್ಣನಿಗೆ ಅನ್ನಿಸಿತ್ತು.

ಅಧಿಕಾರಿ ಕನ್ನಡಕ ಮೇಲೇರಿಸಿ ಸಾಲುಗಳನ್ನು ಓದುತ್ತ ಕೆಳಗೆ ಬಂದ.

“ಡಿಸ್ಕ್ ಸೀಲಾಗಿದ್ದು ಎಷ್ಟು ಹೊತ್ತಿಗೆ?”

“ಮೂರು ಮೂರಕ್ಕೆ ಸಾರ್.”

“ಇದು ಮೂರು ನಾಲ್ಕು ಅಂತಿದೆ. ಮೂರು ಐದು. ಐದು ಇಪ್ಪತ್ತು. ಏಳು... ಒಂಬತ್ತು ಐವತ್ತು. ಸೀಲಾದ ಡಿಸ್ಕಿನ ಮೇಲೆ ಬರೆದೋರು ಯಾರು?”

ಬೀಗದಣ್ಣ ಬಾಗಿಲಲ್ಲಿ ನಿಂತವಳ ಕಡೆ ನೋಡಿದ.

“ನಾನು ಹೇಳ್ತೀನಿ ಸಾರ್,” ಸಾಹೇಬನ ದನಿಗೆ ಜೀವ ಬಂತು. “ನಾನು ಹೋದ ಮೇಲೆ ಇಡೀ ರಾತ್ರಿ ಈ ಕೋಣೇಲಿ ಇದ್ದೋನು ಇವನೊಬ್ಬನೇ. ಆ ಹೆಂಗಸಿನ ಜೊತೆ ಬಾವಿ ಹತ್ರ ಮಾತಾಡ್ತಿದ್ದನ್ನ ಕಾವಲಿನವನು ನೋಡಿದಾನೆ. ಕೇಳಿ ಬೇಕಾದ್ರೆ.”

“ಸಂದಿತ್ತು ಸಾರ್,” ಎಂದ ಬೀಗದಣ್ಣ. “ಎಣಿಸೋದಕ್ಕೂ ಮುಚ್ಚೋದಕ್ಕೂ ನಡುವೆ ಒಂದು ಸಂದು ಇರುತ್ತೆ. ಆಗ ಒಬ್ಬ ಒಳಗೆ ಬಂದ. ಒಳಗೆ ಬಂದವನ ಕೈ ನಿಲ್ಲಿಸೋಕೆ ಸೀಲಿಗೆ ಆಗಲ್ಲ.”

“ಯಾರು ಬಂದಿದ್ದು?”

“ಏಣಿ, ಸಾರ್.”

ಸಾಹೇಬ ಫಕ್ಕನೆ ನಕ್ಕ. ಅಧಿಕಾರಿ ನಗಲಿಲ್ಲ. ಪಾಪ ಎನ್ನುವ ಹಾಗೆ ನೋಡಿದ. ಆ ನೋಟಕ್ಕಿಂತ ನಗುವೇ ವಾಸಿಯಿತ್ತು.

ಟಿಂ.

ಪರದೆಯ ಮೇಲೆ ಹೊಸ ಸಾಲು ಬಿತ್ತು. ನಾಲ್ಕೂ ಜನ ನೋಡಿದರು. ಯಾರ ಕೈಯೂ ಕೀಲಿಮಣೆಯ ಮೇಲೆ ಇರಲಿಲ್ಲ. ಕಾರ್ಡ್ ನಲವತ್ತೇಳು. ಮೂರನೇ ಗೇಟು. ಒಳಗೆ. ಹತ್ತು ನಲವತ್ತೊಂದು.

ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ.

ಬಾಗಿಲಲ್ಲಿದ್ದ ಹೆಂಗಸು ಒಳಗೆ ಬಂದಳು. ಅವಳಿಗೆ ಓದಲು ಬರುತ್ತಿತ್ತು, ಅಷ್ಟಿಷ್ಟು. ಪರದೆಗೆ ಮುಖ ಹತ್ತಿರ ತಂದು ಸಾಲುಗಳನ್ನು ಬೆರಳಿಂದ ಸವರುತ್ತ ಬಂದಳು. ಒಳಗೆ. ಒಳಗೆ. ಒಳಗೆ. ನೂರಾರು ಸಾಲು.

“ರಾತ್ರಿ ಎಲ್ಲಾ ಒತ್ತುತ್ತಾ ಇದಾರಾ ಅಣ್ಣ?”

“ಹೂಂ ಕಣಮ್ಮ.”

“ಹಸಿರು ಬರ್ಲಿಲ್ವಾ?”

ಬೀಗದಣ್ಣ ತಲೆ ಅಲ್ಲಾಡಿಸಿದ.

ಟಿಂ. ಹತ್ತು ನಲವತ್ತೆರಡು.

ಅವಳಿಗೆ ಅಧಿಕಾರಿ ನೆನಪಿರಲಿಲ್ಲ, ಕಾಗದ ನೆನಪಿರಲಿಲ್ಲ, ಗೋಡೆ ನೆನಪಿರಲಿಲ್ಲ. ಗಂಡನ ಕೈ ಎಷ್ಟು ನೋಯುತ್ತಿದೆಯೋ ಎಂಬುದೊಂದೇ ಇತ್ತು. ಬೀಗದಣ್ಣ ತಡೆಯುವಷ್ಟರಲ್ಲಿ ಅವಳು ಆ ಪರದೆಗೇ, ಮನೆಯ ಬಾಗಿಲಲ್ಲಿ ನಿಂತು ಕರೆಯುವ ಹಾಗೆ, ಮೆಲ್ಲಗೆ ಹೇಳಿಬಿಟ್ಟಳು.

“ಸಾಕು ರೀ. ಮನೆಗೆ ಬನ್ನಿ.”

ಬಜರು ಸುಮ್ಮನಾಯಿತು. ಸರ್ವರಿನ ಫ್ಯಾನು ಮಾತ್ರ... ಹೂಂ... ಎನ್ನುತ್ತಿತ್ತು. ಒಂದು ನಿಮಿಷ ಆಯಿತು. ಇನ್ನೊಂದು.

ಟಿಂ.

ಕಾರ್ಡ್ ನಲವತ್ತೇಳು. ಮೂರನೇ ಗೇಟು. ಹೊರಗೆ. ಹತ್ತು ನಲವತ್ತೈದು.

ಅಧಿಕಾರಿ ಬಹಳ ಹೊತ್ತು ಆ ಸಾಲನ್ನು ನೋಡಿದ. ಹಣೆಯ ಬೆವರು ಒರೆಸಿಕೊಂಡ. ಅವನೂ ಹೆದರಿದ್ದ, ಬೀಗದಣ್ಣ ಆವತ್ತೇ ಆಣೆ ಮಾಡಿ ಹೇಳಿದ್ದ. ಆದರೆ ಹೆದರಿದ ಅಧಿಕಾರಿ ಮಾಡುವುದು ಒಂದೇ ಕೆಲಸ. ಕಾಗದ ತೆಗೆಯುತ್ತಾನೆ.

“ನೋಡಮ್ಮ,” ಎಂದ. “ಈ ಫೈಲು ಸುಳ್ಳಾದ್ರೆ ಸಾಕ್ಷಿ ಅಲ್ಲ. ನಿಜ ಅಂತಲೇ ಇಟ್ಕೋ. ಆಗ್ಲೂ ನಿನ್ನ ಗಂಡ ಹೊರಗೆ ಹೋಗಿದಾನೆ, ಇಲ್ಲೇ ಬರೆದಿದೆ. ಹೊರಗೆ ಹೋದವನಿಗೋಸ್ಕರ ಗೋಡೆ ಒಡಿ ಅಂತ ನಾನು ಹೇಗೆ ಬರೀಲಿ, ಹೇಳು?”

ಅವಳಿಗೆ ಆಗ ಅರ್ಥ ಆಯಿತು. ತಾನು ಏನು ಮಾಡಿದೆ ಎಂದು. ಕೂತೇಬಿಟ್ಟಳು, ಕೋಣೆಯ ನಡುವೆ, ನೆಲದ ಮೇಲೆ.

ಸಾಹೇಬ ಬಗ್ಗಿ ಸರ್ವರಿನ ಪ್ಲಗ್ಗು ಕಿತ್ತ. ಟಪ್. ಹಿಡಿದಿದ್ದ ಪ್ರೋಗ್ರಾಮು ಸತ್ತಿತು. ಆಮೇಲೆ ಡಿಸ್ಕನ್ನು ಬೇರೆ ಕಡೆ ಹಾಕಿ ನೋಡಿದಾಗ ಹೆಸರಿಲ್ಲದ ಫೈಲು ಇರಲಿಲ್ಲ. ಒಂದು ಹನ್ನೆರಡರ ಸಾಲೂ ಇಲ್ಲ, ಹೊರಗೆ ಎನ್ನುವ ಸಾಲೂ ಇಲ್ಲ. ಹಳೇ ಡಬ್ಬ ಎದ್ದ ತಕ್ಷಣ ಅನಾಥ ಫೈಲುಗಳನ್ನು ಗುಡಿಸಿಹಾಕುತ್ತದೆ, ಅದರ ನಿಯಮ ಹಾಗೆ. ಅಧಿಕಾರಿಯ ಕಾಗದದಲ್ಲಿ ಒಳಗೆ ಹೋದವರು ಹನ್ನೊಂದು, ಬಂದವರು ಹನ್ನೊಂದು ಎಂದೇ ಉಳಿಯಿತು. ಬೀಗದಣ್ಣನನ್ನು ಸಾಕ್ಷಿ ತಿದ್ದಿದ ಎಂದು ಕೆಲಸದಿಂದ ತೆಗೆದರು. ಸಂಜೆಯೊಳಗೆ ನಾಲ್ಕನೇ ರೂಮಿನ ಜಜ್ಜಿದ ಬಾಗಿಲಿಗೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದರು. ವಾರದಲ್ಲಿ ಸುಣ್ಣ ಹೊಡೆದರು. ಈಗ ಹೋಗಿ ನೋಡಿದರೆ ಅಲ್ಲೊಂದು ಬಾಗಿಲು ಇತ್ತು ಅಂತಲೂ ಗೊತ್ತಾಗುವುದಿಲ್ಲ.

ನಾವು ನಾಲ್ಕು ಜನ ಕೂಗಾಡಿದೆವು, ಗೇಟಿನ ಮುಂದೆ ಕೂತೆವು, ಅರ್ಜಿ ಬರೆದೆವು. ನನ್ನ ಹಸ್ತಾಕ್ಷರದ್ದೇ ಹದಿನಾಲ್ಕು ಅರ್ಜಿ. ಒಂದಕ್ಕೂ ಉತ್ತರ ಬರಲಿಲ್ಲ.

ಆ ದಿನ ಮಧ್ಯಾಹ್ನ ಅವಳನ್ನು ಮನೆಗೆ ಕರೆದುಕೊಂಡು ಹೋದದ್ದು ಬೀಗದಣ್ಣ ಮತ್ತು ನಾನು. ಒಂದೇ ಕೋಣೆಯ ಮನೆ, ತಗಡಿನ ಮಾಡು. ಬೆಳಿಗ್ಗೆ ಅವಳು ಹಾಕಿಹೋದ ಬೀಗ ಹಾಗೇ ಇತ್ತು. ಅವಳೇ ಕೀಲಿ ತಿರುಗಿಸಿ ಬಾಗಿಲು ತಳ್ಳಿದಳು.

ಹೊಸ್ತಿಲ ಒಳಗೆ, ಗೋಡೆಗೆ ಒರಗಿಸಿ, ಒಂದು ಜೊತೆ ಗಂಬೂಟು. ದೊಡ್ಡ ಅಳತೆಯವು, ಏಣಿ ಕೆಲಸಕ್ಕೆ ಹಾಕಿಕೊಂಡು ಹೋದವು. ಮೈಮರೆತು ಕಳಚಿದವಲ್ಲ, ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿದ್ದವು. ಎರಡರ ಒಳಗೂ ಕಣಕಾಲು ಮುಳುಗುವಷ್ಟು ಗಟ್ಟಿ ಮಂಜು.

ಹೊರಗೆ ತಂದು ಬಿಸಿಲಿಗೆ ಇಟ್ಟೆವು. ಸಂಜೆಯವರೆಗೆ ಕರಗಲಿಲ್ಲ. ನಾನು ಬೆರಳು ಹಾಕಿ ನೋಡಿದೆ. ಈ ಬೆರಳು. ಇದರ ತುದಿಗೆ ಆವತ್ತಿನಿಂದ ಬಿಸಿ ತಾಕುವುದಿಲ್ಲ. ನಂಬದಿದ್ದರೆ ಬಿಡಿ. ನಡೆದದ್ದು ನಡೆದಿದೆ.